ನಲವತ್ತೊಂದನೇ ಚೀಟಿ

ನನ್ನ ಕಾದಂಬರಿ ಹೊರಬಂದು ನಾಲ್ಕು ತಿಂಗಳಾಗಿತ್ತು. ಸೇಡಂನವರು ಓದಿ ನಕ್ಕರು. ಚಿಂಚೋಳಿಯವರು ಓದಿ ಸಿಟ್ಟಾದರು. ಶಹಾಬಾದದವರು ಸಭೆ ಇಟ್ಟು ಶಾಲು ಹೊದಿಸಿ ಜಗಳವಾಡಿದರು. ಚಿತ್ತಾಪುರದಲ್ಲಿ ನನ್ನ ಜೊತೆ ಕೆಲಸ ಮಾಡುವವರು ಓದದೆಯೇ ಅಭಿಪ್ರಾಯ ಹೇಳಿದರು. ಓದಬೇಕಾಗಿದ್ದ ಒಬ್ಬಳು ಮಾತ್ರ ಏನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಪುಟ ಬರೆದದ್ದೇ ಅವಳ ಒಂದು ಮಾತಿಗಾಗಿ.

ನನ್ನ ಹೆಸರು ಸುರೇಶಕುಮಾರ. ಊರು ರಾವೂರ, ನೌಕರಿ ಚಿತ್ತಾಪುರದಲ್ಲಿ. ಸರ್ಕಾರದ ಭಾಷೆಯಲ್ಲಿ ದ್ವಿತೀಯ ದರ್ಜೆ ಸಹಾಯಕ, ನಮ್ಮವ್ವನ ಭಾಷೆಯಲ್ಲಿ ಆಫೀಸರ್, ಜನರ ಭಾಷೆಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಕೇಳಬೇಡಿ. ನಿವೃತ್ತಿಗೆ ಇನ್ನೂ ಇಪ್ಪತ್ತೆರಡು ವರ್ಷ ಇದೆ.

ಕಾದಂಬರಿಯ ಹೆಸರು ‘ಸಾಹೇಬರು ಒಳಗಿದ್ದಾರೆ’. ಅಮರನಾಥ ಎಂಬ ಇಪ್ಪತ್ತೆಂಟರ ಹುಡುಗ ದೊಡ್ಡ ಪರೀಕ್ಷೆ ಪಾಸಾಗಿ, ಹೆಸರಿಲ್ಲದ ಒಂದು ಊರಿಗೆ ಅಧಿಕಾರಿಯಾಗಿ ಬರುತ್ತಾನೆ. ಒಂದೇ ನೀರಿನ ಟಾಕಿಯನ್ನು ಮೂರು ಸಲ ಉದ್ಘಾಟಿಸುತ್ತಾನೆ. ಬೇವಿನ ಗಿಡದ ನೆರಳು ಯಾರ ಹೊಲಕ್ಕೆ ಸೇರಬೇಕೆಂದು ಇಬ್ಬರು ರೈತರು ಜಗಳವಾಡಿಕೊಂಡು ಬಂದರೆ, ನೆರಳಿಗೇ ಸರ್ವೆ ಮಾಡಿಸಿ ನಾಲ್ಕು ಮೂಲೆಗೆ ಕಲ್ಲು ನೆಡಿಸುತ್ತಾನೆ. ಸಂಜೆ ಹೊತ್ತಿಗೆ ಕಲ್ಲು ಒಂದು ಕಡೆ, ನೆರಳು ಇನ್ನೊಂದು ಕಡೆ. ಆದರೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಒಂಬತ್ತನೇ ಅಧ್ಯಾಯಕ್ಕೆ. ಅದರಲ್ಲಿ ಸಾಹೇಬನ ಸ್ವಂತ ತಾಯಿ, ಅಹವಾಲು ಕೇಳುವ ದಿನ, ನಲವತ್ತೊಂದನೇ ನಂಬರಿನ ಚೀಟಿ ಹಿಡಿದು ಮಗನ ಬಾಗಿಲ ಮುಂದೆ ಸರದಿಯಲ್ಲಿ ನಿಲ್ಲುತ್ತಾಳೆ. ಅವಳ ಸರದಿ ಬಂದಾಗ ಮಗ ಕಡತದಿಂದ ತಲೆ ಎತ್ತದೆ “ಹೊರಗ ನಿಂದ್ರಿ” ಎನ್ನುತ್ತಾನೆ. ಅವಳು ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡು, “ನಮ್ಮ ಸಾಹೇಬ ಭಾಳ ಬಿಜಿ ಅದಾನ್ರಿ” ಎಂದು ಜವಾನನಿಗೆ ಹೆಮ್ಮೆಯಿಂದ ಹೇಳುತ್ತಾಳೆ.

ಮೊದಲ ಫೋನು ಸೇಡಂನಿಂದ ಖಂಡೆಪ್ಪನವರದು. ನಿವೃತ್ತ ಶಿರಸ್ತೇದಾರರು, ಮೂವತ್ತೈದು ವರ್ಷದಲ್ಲಿ ಹತ್ತೊಂಬತ್ತು ಸಾಹೇಬರನ್ನು ನೋಡಿದವರು.

“ತಮ್ಮಾ, ಆ ಅಮರನಾಥ ನಮ್ಮಲ್ಲಿಗಿ ಬಂದಿದ್ದ ಸಾಹೇಬನೇ ಹೌದಿಲ್ಲೋ? ಖರೇ ಹೇಳು.”

“ಅಲ್ರಿ, ಅದು ಕಲ್ಪನೆ.”

“ಇರ್ಲಿ ಬಿಡು. ಹೆಸರು ಹೇಳಬ್ಯಾಡ. ನನಗ ಗೊತ್ತದ.”

ಮರುದಿನ ಚಿಂಚೋಳಿ ಕಡೆಯಿಂದ ಪೀರಪ್ಪ ಎಂಬವರು ಮಾತಾಡಿದರು. ಕುರಿ ಸಾಕಿದವರು, ಒಂದು ಸಲ ಪಂಚಾಯತಿ ಸದಸ್ಯರೂ ಆಗಿದ್ದವರು. ಅವರಿಗೆ ತಡೆಯಲಾರದ ಸಿಟ್ಟು. “ನಮ್ಮ ಸಾಹೇಬನ ಮ್ಯಾಲ ಹಿಂಗ ಬರಿತೀರೇನ್ರಿ? ಭಾಳ ಮಂಚಿ ಮನಿಷ್ಯಾ, ಛಲೋ ಮನಿಷ್ಯಾ ಅವ! ನಮ್ಮೂರಿಗಿ ರೋಡ್ ಬಂದಿದ್ದೇ ಅವನಿಂದ. ಒಂದು ಟಾಕಿ ಮೂರು ಸಲ ಉದ್ಘಾಟನೆ ಮಾಡ್ಯಾನ, ಖರೇ. ಆದ್ರ ನೀರು ಬಂತಲ್ಲರಿ!” ನಾನು ಆ ಸಾಹೇಬನ ಮುಖವನ್ನೇ ನೋಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಜನ ತಮ್ಮ ಹೆಗಲು ಬಿಟ್ಟು ತಮ್ಮ ತಮ್ಮ ಸಾಹೇಬರ ಹೆಗಲು ಮುಟ್ಟಿ ನೋಡುತ್ತಿದ್ದರು.

ಅಮರನಾಥ ಗಂಡಸೇ ಅಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅವನ ಅಂಗಿ-ಪ್ಯಾಂಟಿನೊಳಗೆ ನಾನು ಬಚ್ಚಿಟ್ಟದ್ದು ಕರುಣಾಳನ್ನು.

ಕರುಣಾ ನಮ್ಮ ಓಣಿಯವಳು. ಅವಳ ಅಪ್ಪ ಭಗವಂತ ರಾವೂರಿನ ಕಲ್ಲುಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ, ಅವ್ವ ಅನಸುಬಾಯಿ ಅದೇ ಕಲ್ಲು ಹೊರುತ್ತಿದ್ದಳು. ನಮ್ಮಪ್ಪನೂ ಅಲ್ಲೇ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ, ಗೋಡೆಯ ಎರಡು ಬದಿಗೂ ಬಾಬಾಸಾಹೇಬರ ಫೋಟೋ. ಡಿಗ್ರಿ ಮುಗಿದ ಮೇಲೆ ಇಬ್ಬರೂ ದೊಡ್ಡ ಪರೀಕ್ಷೆಗೆ ಕುಳಿತುಕೊಳ್ಳುವ ಹುಚ್ಚು ಹಿಡಿಸಿಕೊಂಡೆವು. ಮನೆಯಲ್ಲಿ ಓದಲು ಜಾಗ ಇರಲಿಲ್ಲ. ಹಾಗಾಗಿ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಹೋಗುತ್ತಿದ್ದೆವು. ಅಲ್ಲಿ ಫ್ಯಾನಿತ್ತು, ನಲ್ಲಿ ನೀರಿತ್ತು, ಎರಡು ಗಾಡಿಗಳ ನಡುವೆ ಒಂದು ಅಧ್ಯಾಯ ಮುಗಿಸುವಷ್ಟು ಹೊತ್ತಿತ್ತು. ಬೆಳಿಗ್ಗೆ ಹೋದರೆ ಸಂಜೆ ಬರುವುದು. ಹದಿಮೂರು ತಿಂಗಳು.

ದಪ್ಪನೆಯ ಸಾಮಾನ್ಯ ಜ್ಞಾನದ ಪುಸ್ತಕ ಇಬ್ಬರಿಗೂ ಸೇರಿ ಒಂದೇ. ಒಂದು ವಾರ ಜಗಳವಾಡಿ, ಕೊನೆಗೆ ಅವಳು ಬ್ಲೇಡು ತಂದು ಅದನ್ನು ನಡುವೆ ಸೀಳಿದಳು. ಮೊದಲರ್ಧ ಅವಳಿಗೆ, ಎರಡನೆಯ ಅರ್ಧ ನನಗೆ, ತಿಂಗಳಿಗೊಮ್ಮೆ ಅದಲು ಬದಲು. ಎರಡಕ್ಕೂ ಹಳೆಯ ಪೇಪರಿನ ರಟ್ಟು ಹಾಕಿ ಅನ್ನದ ಅಗುಳಿನಿಂದ ಅಂಟಿಸಿದ್ದೂ ಅವಳೇ. ಮಧ್ಯಾಹ್ನ ಅವಳ ಡಬ್ಬಿಯ ಪುಂಡಿಪಲ್ಯ, ನನ್ನ ಡಬ್ಬಿಯ ಶೇಂಗಾ ಹಿಂಡಿ, ನಾಲ್ಕು ರೊಟ್ಟಿ. ಆ ಪ್ಲಾಟ್‌ಫಾರ್ಮಿನಿಂದ ದಿಲ್ಲಿಗೂ ಮುಂಬಯಿಗೂ ಗಾಡಿ ಹೋಗುತ್ತಿದ್ದವು. ನನಗೆ ಎಲ್ಲಿಗೂ ಹೋಗಬೇಕೆನಿಸಿರಲಿಲ್ಲ.

ಫಲಿತಾಂಶ ಬಂತು. ಅವಳು ಪಾಸಾದಳು. ನಾನು ನಾಲ್ಕು ಅಂಕಕ್ಕೆ ಉಳಿದೆ. ಪುಸ್ತಕದ ಎರಡನೆಯ ಅರ್ಧ ನನ್ನ ಹತ್ತಿರವೇ ಉಳಿಯಿತು. ಮುಂದಿನ ವರ್ಷ ಗುಮಾಸ್ತನ ನೌಕರಿ ಸಿಕ್ಕಿತು, ಹಿಡಿದೆ.

ನಾಲ್ಕು ವರ್ಷದ ಹಿಂದೆ ಅವಳು ನಮ್ಮ ಭಾಗಕ್ಕೇ ಅಧಿಕಾರಿಯಾಗಿ ಬಂದಳು. ತಿಂಗಳಿಗೆರಡು ಸಲ ನಮ್ಮ ಕಚೇರಿಯ ಕಡತ ಹೊತ್ತು ಅವಳ ಕಚೇರಿಗೆ ಹೋಗುವ ಕೆಲಸ ನನಗೇ ಬಿತ್ತು. ಅವಳ ಬಾಗಿಲ ಹೊರಗೆ ಒಂದು ಬೆಂಚು. ಅದರ ಮೇಲೆ ಕೂತು ಜವಾನನ ಕೈಯಲ್ಲಿ ಕಡತ ಒಳಗೆ ಕಳಿಸುತ್ತಿದ್ದೆ. ಹಸಿರು ಶಾಯಿಯ ಸಹಿ ಬಿದ್ದು ಬಂದರೆ ಹೊರಡುತ್ತಿದ್ದೆ. ಎಷ್ಟೋ ಸಲ ಜವಾನ ಬಂದು “ಮೇಡಂ ಒಳಗ ಬಾ ಅಂತಾರ” ಎಂದ. “ಬಸ್ ತಪ್ತದ ಮಾರಾಯಾ” ಎಂದು ಎದ್ದು ಬಂದೆ. ಒಳಗೆ ಹೋಗಿ ಏನೆಂದು ಕರೆಯಲಿ? ಮೇಡಂ ಅನ್ನಲೋ, ಕರುಣಾ ಅನ್ನಲೋ? ನಾಲ್ಕು ಅಂಕ ದೊಡ್ಡದಲ್ಲ ಎಂದು ಹೇಳುವವರಿಗೆ ನಾಲ್ಕು ಅಂಕ ಕಡಿಮೆ ಬಿದ್ದಿರುವುದಿಲ್ಲ.

ಮೂರು ವರ್ಷದ ಹಿಂದೆ, ಒಂದು ಅಹವಾಲಿನ ದಿನ, ಅದೇ ಬೆಂಚಿನ ಮೇಲೆ ಕುಳಿತಿದ್ದೆ. ಸರದಿಯಲ್ಲಿ ಅನಸುಬಾಯಿ ನಿಂತಿದ್ದಳು. ಹಣೆ ಮುಚ್ಚುವವರೆಗೆ ಸೆರಗು, ಕೈಯಲ್ಲಿ ಚೀಟಿ. ಜವಾನ “ನಲವತ್ತೊಂದು” ಎಂದು ಕೂಗಿದ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, ನನ್ನ ಮುಂದೆಯೇ ಹಾದು, ಗುರುತೇ ಇಲ್ಲದವಳಂತೆ ಹೊರಟುಹೋದಳು. ಹೆತ್ತವ್ವನನ್ನು ಸಾಲಿನಲ್ಲಿ ನಿಲ್ಲಿಸಿ ಅಳಿಸಿ ಕಳಿಸಿದಳಲ್ಲ ಎಂದುಕೊಂಡೆ. ಎಂಥ ಸಿಟ್ಟು ಬಂತೆಂದರೆ ಅದೇ ವಾರ ಬರೆಯಲು ಕೂತೆ. ಸಿಟ್ಟಿನ ಒಳಗೆ ಒಂದು ಚೂರು ಖುಷಿಯೂ ಇತ್ತು. ಈಗ ಅದನ್ನು ಮುಚ್ಚಿಡುವುದಿಲ್ಲ.

ಶಹಾಬಾದದ ಸಭೆಗೆ ಅರವತ್ತು ಜನ ಸೇರಿದ್ದರು. ನನ್ನ ಪಕ್ಕದ ಮೇಜಿನ ರೇವಣಸಿದ್ದನೂ ಬಂದಿದ್ದ. ಕಚೇರಿಯಲ್ಲಿ ನನಗಿರುವ ಒಬ್ಬನೇ ಗೆಳೆಯ ಅವನು, ಬಾಯಿ ಮಾತ್ರ ಕತ್ತರಿ. ಒಬ್ಬರು ಪುಸ್ತಕ ಹೊಗಳಿದರು. ಇನ್ನೊಬ್ಬರು ಅಧಿಕಾರಿಗಳ ಮನೋಬಲ ಕುಗ್ಗುತ್ತದೆ ಎಂದರು. ಹಿಂದಿನಿಂದ ಯಾರೋ, ಇದ್ದರೆ ಕುಗ್ಗಲಿ ಬಿಡ್ರಿ ಎಂದರು. ನಗೆ. ಆಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಮಹಾಶಯ ಎದ್ದು ನನ್ನ ಕೈ ಕುಲುಕಿದ.

“ಬರಾಬರ್ ಬರದೀರಿ ನೋಡ್ರಿ. ಇಂಥವರಿಗಿ ಕುರ್ಚಿ ಸಿಕ್ರ ಹಿಂಗೇ. ಕಲ್ಲು ಹೊತ್ತವರ ಮಕ್ಕಳು ಬಂದು ಕುಂತ್ರ ಮತ್ತೇನಾಗ್ತದ? ಮಾರ್ಕ್ಸಿನ ಮ್ಯಾಲ ಬಂದವರಲ್ಲ, ಮೀಸಲಾತಿ ಮ್ಯಾಲ ಬಂದವರು.”

ಅಮರನಾಥನಿಗೆ ನಾನು ಜಾತಿ ಕೊಟ್ಟಿರಲಿಲ್ಲ. ಅವನ ತಾಯಿಯ ಅಂಗೈಯಲ್ಲಿ ಕಲ್ಲಿನ ದಡ್ಡು ಮಾತ್ರ ಬರೆದಿದ್ದೆ. ಈ ಮನುಷ್ಯನಿಗೆ ಅಷ್ಟೇ ಸಾಕಾಗಿತ್ತು. ನಾನೂ ಅದೇ ಕಲ್ಲು ಹೊತ್ತವನ ಮಗ ಎಂದು ಅವನಿಗೆ ಗೊತ್ತಿರಲಿಲ್ಲ. ಹೇಳಬೇಕಿತ್ತು. ಅವನ ಕೈಯೊಳಗಿದ್ದ ನನ್ನ ಕೈಯನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ನಾಚಿಕೆಯಾಯಿತು.

ಕೊನೆಗೆ ಉಮಾದೇವಿಯವರು ಮಾತಾಡಿದರು. ಕಾಲೇಜಿನಲ್ಲಿ ಕನ್ನಡ ಕಲಿಸುವವರು. “ನಿಮ್ಮ ಪುಸ್ತಕ ಓದಿ ನಾ ಮೂರು ಸಲ ಜೋರಾಗಿ ನಕ್ಕೀನ್ರಿ. ನಾಲ್ಕನೇ ಸಲ ಯಾರ ಮ್ಯಾಲ ನಗಲಿಕತ್ತೀನಿ ಅಂತ ನನಗೇ ಅಂಜಿಕಿ ಬಂತು. ಸಾಹೇಬನ ಮ್ಯಾಲ ನಗ್ರಿ, ಬೇಕಾದಷ್ಟು ನಗ್ರಿ. ಆದ್ರ ಆ ತಾಯಿ ಒಳಗ ಹೋದ ಮ್ಯಾಲ ಏನಾಯ್ತು ಅಂಬೋದು ನನಗ ನಂಬಿಗಿ ಬರಲಿಲ್ಲ. ಅಷ್ಟು ತಿಳಿವಳಿಕಿ ಇದ್ದ ಹೆಣ್ಣುಮಗಳು ಹಂಗ ಸುಮ್ಮ ಬರ್ತಾಳೇನು? ನೀವು ಅದನ್ನ ಕಂಡು ಬರದೀರೋ, ಕೇಳಿ ಬರದೀರೋ?”

“ಕಂಡು ಬರದೀನಿ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬರುವಾಗ ರೇವಣಸಿದ್ದ ಬಸ್ಸಿನಲ್ಲಿ ಕೇಳಿದ, “ಎಲ್ಲಾರ ಮಾತು ಕೇಳಿದಿ. ಆದ್ರ ನಿನ್ನ ಮಾರಿ ಮ್ಯಾಲ ಯಾಕ ಗೆಲುವಿಲ್ಲ? ಯಾರ ಮಾತಿಗಿ ಕಾಯಲಿಕತ್ತಿ ನೀ?”

ನಾನು ಕಿಟಕಿ ಕಡೆ ತಿರುಗಿದೆ. ತೊಗರಿ ಹೊಲ ಹಳದಿ ಹೂವಾಗಿ ನಿಂತಿತ್ತು. ಅವನೇ ಮುಂದುವರಿಸಿದ, “ಯಾರೇ ಇರ್ಲಿ, ಅವರಿಗಿ ಒಂದು ಪ್ರತಿ ಕಳಿಸು. ಸುಮ್ಮ ಕುಂತ್ರ ಮಾತು ತಾನಾಗಿ ಬರ್ತದೇನು?”

ಕಳಿಸಿದೆ. ರಿಜಿಸ್ಟರ್ ಪೋಸ್ಟಿನಲ್ಲಿ, ಸ್ವೀಕೃತಿ ಕಾರ್ಡ್ ಲಗತ್ತಿಸಿ. ಒಳಗಿನ ಹಾಳೆಯಲ್ಲಿ ‘ಕರುಣಾಗೆ’ ಎಂದು ಬರೆಯಲು ಪೆನ್ನು ಎತ್ತಿ, ‘ಗೌರವಪೂರ್ವಕವಾಗಿ’ ಎಂದಷ್ಟೇ ಬರೆದೆ. ಲಕೋಟೆಯ ಮೇಲೆ ಅವಳ ಹೆಸರಿನ ಬದಲು ಹುದ್ದೆ ಬರೆದೆ. ಅಲ್ಲೇ ಎಡವಟ್ಟಾಯಿತು. ಹನ್ನೊಂದು ವರ್ಷ ಗುಮಾಸ್ತಿಕೆ ಮಾಡಿದ ಕೈ ಅದು, ಹೆಸರಿಗೆ ಪತ್ರ ಬರೆದು ಗೊತ್ತೇ ಇಲ್ಲ. ಹೆಸರಿಗೆ ಬಂದ ಲಕೋಟೆ ಒಡೆಯದೆ ಮೇಜಿಗೆ ಹೋಗುತ್ತದೆ. ಹುದ್ದೆಗೆ ಬಂದದ್ದನ್ನು ಟಪಾಲಿನವರು ಒಡೆದು, ಸೀಲು ಹೊಡೆದು, ನಂಬರ್ ಹಾಕಿ, ಕಡತ ಮಾಡುತ್ತಾರೆ. ಇದು ಎಲ್ಲ ಕಚೇರಿಯ ಪದ್ಧತಿ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೂರು ವಾರದ ನಂತರ ಒಂದು ಸೋಮವಾರ ರೇವಣಸಿದ್ದ ನಗು ತಡೆಯಲಾರದೆ ಅವಳ ಕಚೇರಿಯಿಂದ ಬಂದ ಒಂದು ಕಡತವನ್ನು ನನ್ನ ಮೇಜಿನ ಮೇಲೆ ಇಟ್ಟ. “ತಗೋ. ನಿನ್ನ ಮ್ಯಾಲ ನೀನೇ ವರದಿ ಬರಿ.”

ಕೆಂಪು ಟೇಪು ಕಟ್ಟಿದ ಕಡತದೊಳಗೆ ನನ್ನ ಕಾದಂಬರಿ. ಮುಖಪುಟದ ಸಾಹೇಬನ ಮುಖದ ಮೇಲೆ ಸ್ವೀಕೃತಿಯ ಮೊಹರು. ಸಾರ್ವಜನಿಕರ ದೂರು ಎಂದು ತಿಳಿದು ಯಾರೋ ಟಿಪ್ಪಣಿ ಹಾಳೆ ತೆರೆದಿದ್ದರು. ‘ಅರ್ಜಿದಾರರು 212 ಪುಟಗಳ ಮನವಿ ಸಲ್ಲಿಸಿರುತ್ತಾರೆ. ಆದೇಶಕ್ಕಾಗಿ ಮಂಡಿಸಿದೆ.’ ಅದರ ಕೆಳಗೆ ಹಸಿರು ಶಾಯಿ. ‘ಓದಿದೆ. ಪುಟ 87 ನೋಡಿ. ಸಂಬಂಧಪಟ್ಟವರಿಂದ ವರದಿ ಪಡೆಯಿರಿ.’ ಕರುಣಾಳ ಅಕ್ಷರ.

ಓದಿದೆ. ಅಷ್ಟು ತಿಂಗಳು ಕಾದ ಮಾತು ಅದೊಂದೇ ಶಬ್ದ. 87ನೇ ಪುಟ ತೆಗೆದೆ. ಮಗ “ಹೊರಗ ನಿಂದ್ರಿ” ಎನ್ನುವ ಸಾಲಿನ ಪಕ್ಕ, ಅಂಚಿನಲ್ಲಿ, ಹಸಿರು ಶಾಯಿಯಲ್ಲಿ ಹೀಗಿತ್ತು: ‘ಸ್ಥಳ ಪರಿಶೀಲನೆ ಮಾಡದೆ ಬರೆದ ವರದಿ. ಸ್ಥಳಕ್ಕೆ ಹೋಗಿ, ಹೇಳಿಕೆ ಪಡೆದು, ಮರು ವರದಿ ಸಲ್ಲಿಸಿ.’

ಹೊಲ ನೋಡದೆ ಕಚೇರಿಯಲ್ಲೇ ಕೂತು ಬೆಳೆ ವರದಿ ಬರೆಯುವವರಿಗೆ ಕೊಡುವ ಆದೇಶ ಇದು. ಪಕ್ಕದಿಂದ ಬಗ್ಗಿ ನೋಡುತ್ತಿದ್ದ ರೇವಣಸಿದ್ದ ನಗು ನಿಲ್ಲಿಸಿದ. ಅಮರನಾಥ ಯಾರು ಎಂದು ಆಗ ಅವನಿಗೆ ತಿಳಿಯಿತು. “ನಾಳಿ ರಜಾ ಹಾಕು. ನಿನ್ನ ಟಪಾಲು ನಾ ನೋಡ್ಕೋತೀನಿ” ಎಂದ.

ಅನಸುಬಾಯಿ ಈಗ ವಾಡಿಯಲ್ಲಿ ಮಗ ಕಪಿಲನ ಮನೆಯಲ್ಲಿದ್ದಳು. ಕಪಿಲ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್, ಅವನ ಹೆಂಡತಿ ಸಂಘಮಿತ್ರಾ ಪ್ರೈಮರಿ ಶಾಲೆಯ ಟೀಚರ್. ನಾನು ಹೋದಾಗ ಅನಸುಬಾಯಿ ಕ್ವಾರ್ಟರ್ಸಿನ ಅಂಗಳದಲ್ಲಿ ನಾಲ್ಕು ಜನ ಹೆಂಗಸರನ್ನು ಕೂಡಿಸಿಕೊಂಡು ಶಾವಿಗೆ ಹೊಸೆಯುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡಳು.

“ಬಂದ್ಯಾ? ಕುಂದ್ರು. ನೀ ಬರ್ತಿ ಅಂತ ಗೊತ್ತಿತ್ತು, ಇಷ್ಟು ತಡಾ ಮಾಡ್ತಿ ಅಂತ ಗೊತ್ತಿರ್ಲಿಲ್ಲ. ಸಂಘಾ, ಚಾ ಇಡವ್ವ. ಆ ಪುಸ್ತಕ ಬರದ ಹಿರಿಯಾ ಬಂದಾನ.”

ನಾನು ನೆಲ ನೋಡುತ್ತ ಕುಳಿತೆ. “ಪುಸ್ತಕ ಓದಿದಿರೇನು ಚಿಗವ್ವಾ?”

“ನನಗೆಲ್ಲಿ ಬರ್ತದ? ಸಂಘಾ ದಿನಾ ಮಧ್ಯಾಹ್ನಕ್ಕ ಓದಿ ಹೇಳಿದಳು. ನಗಲಿಕ್ಕ ಭಾಳ ಅದ. ನೆರಳಿಗಿ ಕಲ್ಲು ನೆಟ್ಟಿದ್ದಕ್ಕ ನಾನು ಭಿ ನಕ್ಕೆ, ಈ ಇಮಾಮ್ಬೀ ಭಿ ನಕ್ಕಳು. ಹೌದಿಲ್ಲೇನ?”

ಶಾವಿಗೆ ಹರವುತ್ತಿದ್ದ ಮುದುಕಿ ಇಮಾಮ್ಬೀ ತಲೆಯಾಡಿಸಿದಳು. ಸಂಘಮಿತ್ರಾ ಚಹಾದ ಕಪ್ಪು ನನ್ನ ಮುಂದೆ ಕುಕ್ಕಿದಂತೆ ಇಟ್ಟು ಒಳಗೆ ಹೋದಳು. ಅವಳ ಅಭಿಪ್ರಾಯ ಅಷ್ಟರಲ್ಲೇ ತಿಳಿಯಿತು.

“ಆಮ್ಯಾಲ ನನ್ನ ಮಾತು ಬಂತು” ಎಂದಳು ಅನಸುಬಾಯಿ. “ನಾ ಸಾಲಿನಾಗ ನಿಂತಿದ್ದು ಖರೇ. ಯಾಕ ನಿಂತಿದ್ದೆ ಅಂತ ನೀ ಬರದೇ ಇಲ್ಲಲ್ಲೋ.”

“ಯಾಕ್ರಿ?”

“ಇದೇ ಇಮಾಮ್ಬೀದು ಎಂಟು ತಿಂಗಳಾಗಿತ್ತು ಪಿಂಚಣಿ ನಿಂತು. ನನ್ನ ಮಗಳ ಆಫೀಸಿಗಿ ಹೋಗಂದ್ರ ಒಲ್ಲೆ ಅಂದಳು. ನಿನ್ನ ಮಗಳು ನಿನಗ ಕುರ್ಚಿ ಕೊಡ್ತಾಳ, ನನಗ ಯಾರ ಕೊಡ್ತಾರ ಅಂದಳು. ನನಗ ಚುರಕ್ ಅಂತು. ನಾ ಹುಟ್ಟಿದಾಗಿಂದ ಸಾಹೇಬರ ಮುಂದ ನಿಂತೇ ಮಾತಾಡೀನಿ. ಗಣಿ ಮಾಲಕನ ಮುಂದ, ಆಸ್ಪತ್ರಿಯಾಗ, ಎಲ್ಲಾ ಕಡಿ. ಒಬ್ಬವ ಕುಂದ್ರು ಅಂದಿಲ್ಲ. ನನ್ನ ಮಗಳು ಕುರ್ಚಿ ಮ್ಯಾಲ ಕುಂತಾಳ, ಹೌದು. ಎದುರು ನಿಂತವರಿಗಿ ಏನಂತಾಳ? ನನಗ ನೋಡಬೇಕಿತ್ತು. ಮಗಳ ಮನ್ಯಾಗ ಕುಂತು ನೋಡಿದ್ರ ತಿಳೀತದೇನು? ಅದಕ್ಕ ಇಮಾಮ್ಬೀದ ಕಾಗದ ಹಿಡಕೊಂಡು, ಸೆರಗ ಎಳಕೊಂಡು, ಚೀಟಿ ತಗೊಂಡು ನಿಂತೆ.”

ನನ್ನ ಚಹಾ ಆರುತ್ತಿತ್ತು.

“ಒಳಗ ಹೋದೆ. ನಲವತ್ತನೇಯವನ ಕಾಗದ ಬರೀಲಿಕತ್ತಿದ್ದಳು, ತಲಿ ಮ್ಯಾಲೆತ್ತಲಿಲ್ಲ. ಅದು ನೀ ಬರದಿದ್ದು ಬರಾಬರ್. ಆದ್ರ ತಲಿ ಎತ್ತದೇ ಏನಂದಳು ಗೊತ್ತೇನು? ಕುಂದ್ರಿ ಅವ್ವ ಅಂದಳು. ನಾ ಅಂತ ಗೊತ್ತಿಲ್ಲ ಆಕಿಗಿ. ಎದುರಿಗಿ ಕುರ್ಚಿ ಹಾಕಿಸ್ಯಾಳ, ಬಂದವರಿಗೆಲ್ಲ ಮೊದಲ ಕುಂದ್ರಿ ಅಂತಾಳ. ನಾ ಕುಂತೆ. ಆಗ ತಲಿ ಎತ್ತಿ ನೋಡಿದಳು.”

“ಆಮ್ಯಾಲ?”

“ಆಮ್ಯಾಲೇನು? ಅವ್ವಾ ಅಂತ ಚೀರಲಿಲ್ಲ. ಎದ್ದು ಬರಲಿಲ್ಲ. ಕಾಗದ ತಗೊಂಡು ಓದಿ, ಆಧಾರ ಕಾರ್ಡ್ ಅದೇನು ಅಂತ ಕೇಳಿ, ಬರದು, ಎಂಟು ದಿನದಾಗ ಆಗ್ತದವ್ವ ಅಂದಳು. ಎಲ್ಲರಿಗಿ ಹೇಳಿದಂಗ. ಕಣ್ಣು ತುಂಬಿದ್ವು ಆಕಿವು, ಪೆನ್ನು ನಿಲ್ಲಲಿಲ್ಲ. ಹಿಂದ ನಲವತ್ತೆರಡನೇಯವ ನಿಂತಿದ್ದ. ನಾ ಎದ್ದು ಬಂದೆ. ಅಳಲಿಕತ್ತಿದ್ದೆ, ಹೌದು. ನೀ ಬೆಂಚಿನ ಮ್ಯಾಲ ಕುಂತಿದ್ದಿ, ಅದು ಭಿ ಕಂಡೆ. ಮಾತಾಡಿದ್ರ ಅಲ್ಲೇ ಅತ್ತು ಬಿಡತಿದ್ದೆ, ಅದಕ್ಕ ಹಂಗೇ ಹೋದೆ. ಕರುಣಾನ ಅಪ್ಪ ಭಗವಂತ ಇದ್ದಿದ್ರ ಹೇಳಬೇಕಿತ್ತು ಅಂತ ಜೀವ ಹಪಹಪಿಸ್ತಿತ್ತೋ.”

ಇಮಾಮ್ಬೀ ತನ್ನಷ್ಟಕ್ಕೆ ಅಂದಳು, “ಎಂಟು ದಿನ ಅಂದಿದ್ದಳು. ಆರೇ ದಿನದಾಗ ಬಂತು.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಪ್ಪ ಹೇಳುತ್ತಿದ್ದ. ನಾನು ಕಂಡದ್ದು ಬಾಗಿಲು ಮಾತ್ರ. ಬಾಗಿಲಿನ ಆಚೆಯದನ್ನು ನನ್ನ ನಾಲ್ಕು ಅಂಕದ ಹೊಟ್ಟೆಕಿಚ್ಚು ಬರೆದಿತ್ತು, ಊರೂರಿನ ಜನ ಅದನ್ನು ಓದಿ ನಕ್ಕಿದ್ದರು.

“ತಪ್ಪಾತು ಚಿಗವ್ವಾ” ಎಂದೆ.

“ನನಗ್ಯಾಕ ಹೇಳ್ತಿ? ಆಕಿಗಿ ಹೇಳು. ಪೋಸ್ಟಿನಾಗ ಬ್ಯಾಡ.”

ಮುಂದಿನ ಅಹವಾಲಿನ ದಿನ ಬೆಳಿಗ್ಗೆ ಒಂಬತ್ತೂವರೆಗೇ ಅವಳ ಕಚೇರಿಗೆ ಹೋಗಿ ಚೀಟಿ ತಗೊಂಡೆ. ಹದಿನೇಳು. ಜವಾನನಿಗೆ ನನ್ನ ಗುರುತಿತ್ತು. “ಯಾಕ್ರಿ, ಫೈಲು ಕೊಡ್ರಿ, ನಾ ಒಯ್ತೀನಿ” ಎಂದ. ಬೇಡ ಎಂದೆ. ಬೆಂಚು ಖಾಲಿ ಇತ್ತು, ಕೂಡಲಿಲ್ಲ. ಸರದಿಯಲ್ಲಿ ನಿಂತೆ. ಕೈಯಲ್ಲಿ ಮರು ವರದಿ. ‘ಮಾನ್ಯರೇ, ಪುಟ 87ರಲ್ಲಿನ ಸಂಗತಿಯನ್ನು ವರದಿಗಾರನು ಬಾಗಿಲ ಹೊರಗೆ ಕುಳಿತು ಬರೆದಿರುವುದು ಕಂಡುಬಂದಿದೆ. ಶ್ರೀಮತಿ ಅನಸುಬಾಯಿ ಗಂಡ ಭಗವಂತ ಇವರ ಹೇಳಿಕೆ ಪಡೆಯಲಾಗಿದೆ. ವರದಿ ಸುಳ್ಳು. ವರದಿಗಾರನು ತಪ್ಪು ಒಪ್ಪಿಕೊಂಡಿದ್ದಾನೆ. ಮುಂದಿನ ಆದೇಶಕ್ಕಾಗಿ ಮಂಡಿಸಿದೆ.’ ಇದನ್ನು ಬರೆಯಲು ಮೂರು ದಿನ ಹಿಡಿದಿತ್ತು. ಕಾದಂಬರಿಯ ಯಾವ ಪುಟಕ್ಕೂ ಅಷ್ಟು ಹಿಡಿದಿರಲಿಲ್ಲ.

“ಹದಿನೇಳು.”

ಒಳಗೆ ಹೋದೆ. ಕರುಣಾ ಬರೆಯುತ್ತಿದ್ದಳು. ಕಿವಿಯ ಹಿಂದೆ ನಾಲ್ಕು ಬಿಳಿ ಕೂದಲು. ತಲೆ ಎತ್ತಲಿಲ್ಲ.

“ಕುಂದ್ರಿ.”

ಎಲ್ಲರಿಗೂ ಹೇಳುವ ಮಾತು. ನನಗೊಬ್ಬನಿಗೇ ಎಂದು ಒಂದು ಮಾತಿಗೆ ಹನ್ನೆರಡು ವರ್ಷ ಹಂಬಲಿಸಿದವನು ನಾನು. ಆದರೂ ಆ ಮಾತಿಗೆ ಎದೆ ತುಂಬಿತು. ಕುಳಿತೆ. ಆಗ ಅವಳು ನೋಡಿದಳು. ನಾನೂ ನೋಡಿದೆ, ಆದರೆ ಅವಳ ಮುಖವನ್ನಲ್ಲ. ಅವಳ ಬೆನ್ನ ಹಿಂದೆ ಕಪಾಟಿತ್ತು. ಕಾಯಿದೆಯ ದಪ್ಪ ಪುಸ್ತಕಗಳ ನಡುವೆ, ಪೇಪರಿನ ರಟ್ಟು ಹಾಕಿದ, ಬೆನ್ನು ಸೀಳಿದ ಅರ್ಧ ಪುಸ್ತಕ. ಮೊದಲರ್ಧ. ಹೊರಗಿನ ಬೆಂಚಿನಿಂದ ಆ ಕಪಾಟು ಕಾಣುವುದಿಲ್ಲ.

ಅವಳು ವರದಿ ಓದಿದಳು. ಎರಡು ಸಲ ಓದಿದಳು.

“ನೀ ನನ್ನ ಮ್ಯಾಲ ನಕ್ಕಿದ್ದಕ್ಕ ಸಿಟ್ಟಿಲ್ಲ ಸುರೇಶ. ಟಾಕಿ ಉದ್ಘಾಟನಿ ಓದಿ ನಾ ಒಬ್ಬಾಕಿನೇ ಕುಂತು ನಕ್ಕೀನಿ. ನಾವೆಲ್ಲ ಹಂಗೇ ಅದೀವಿ, ಬರಿ. ಆದ್ರ ಹದಿಮೂರು ತಿಂಗಳು ಒಂದೇ ಪುಸ್ತಕ ಓದೀವಿ ನಾವು. ಅವ್ವನ ಮಾತು ಬರಿಯೂ ಮೊದಲ ನನಗ ಒಂದು ಮಾತು ಕೇಳಲಿಕ್ಕ ಏನಾಗಿತ್ತು?”

“ಕೇಳಬೇಕಂದ್ರ ಒಳಗ ಬರಬೇಕಾಗಿತ್ತು.”

“ಬಾ ಅಂತ ಎಷ್ಟು ಸಲ ಹೇಳಿಕಳಿಸಿದೆ? ನಾಲ್ಕು ವರ್ಷ. ನೀ ಬಂದ ದಿನ ಆ ಬಾಗಿಲ ಕಡೀನೇ ನೋಡಕೋತ ಕೂಡತಿದ್ದೆ. ಫೈಲು ಬರ್ತಿತ್ತು, ನೀ ಬರ್ತಿರ್ಲಿಲ್ಲ. ಸಾಹೇಬರು ಒಳಗಿದ್ದಾರಂತ ಪುಸ್ತಕಕ್ಕ ಹೆಸರಿಟ್ಟಿ. ಹೊರಗಿದ್ದವ ಯಾರು?”

ಜವಾನ ಬಾಗಿಲಲ್ಲಿ ಇಣುಕಿದ. ಸರದಿ ಉದ್ದ ಇತ್ತು.

“ಇನ್ನು ಮ್ಯಾಲ ಬರ್ತೀನಿ” ಎಂದೆ. ಇಷ್ಟು ಹೇಳಲು ನಾಲ್ಕು ವರ್ಷ ಬೇಕಾಯಿತು.

ಅವಳು ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. “ವರ್ಗ ಆಗ್ಯಾದ. ಚಾಮರಾಜನಗರ. ಸೋಮವಾರ ಚಾರ್ಜ್ ಕೊಡ್ಲಿಕತ್ತೀನಿ.”

ನಮ್ಮ ರಾಜ್ಯದಲ್ಲಿ ಅದಕ್ಕಿಂತ ದೂರದ ಊರಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದೆ, ಕಚೇರಿಯ ಮಾತೇ ಬಂತು. “ಕಡತ ಮುಕ್ತಾಯ ಮಾಡ್ತೀರೇನು?”

“ಇಲ್ಲ” ಎಂದಳು. ವರದಿಯನ್ನು ಮಡಚಿ ಕಾದಂಬರಿಯೊಳಗಿಟ್ಟಳು. ಕಾದಂಬರಿಯನ್ನು ಕಡತದ ತಟ್ಟೆಗೆ ಹಾಕದೆ, ಮೇಜಿನ ಕೆಳಗಿದ್ದ ತನ್ನ ಡಬ್ಬಿ ಚೀಲದೊಳಗೆ ಹಾಕಿಕೊಂಡಳು. ಹಳೆಯ ಸ್ಟೀಲ್ ಡಬ್ಬಿ ಸದ್ದು ಮಾಡಿತು. ಕಣ್ಣು ತುಂಬಿದ್ದವು, ಪೆನ್ನು ಮಾತ್ರ ಮುಂದಿನ ಕಾಗದದ ಮೇಲಿತ್ತು.

“ಹದಿನೆಂಟು” ಎಂದಳು.

ನಾನು ಎದ್ದು ಹೊರಗೆ ಬಂದೆ. ಹದಿನೆಂಟನೆಯವನು ನನ್ನ ಪಕ್ಕದಲ್ಲೇ ಹಾದು ಒಳಗೆ ಹೋದ. ಕರವಸ್ತ್ರ ಸಿಗಲಿಲ್ಲ, ತೋಳಿನಿಂದಲೇ ಕಣ್ಣೊರೆಸಿಕೊಂಡೆ. ಬೆಂಚಿನ ಮೇಲೆ ಯಾವುದೋ ಕಚೇರಿಯ ಹೊಸ ಗುಮಾಸ್ತ ಕಡತ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ನನ್ನನ್ನು ನೋಡಿದ, ಬಾಗಿಲನ್ನು ನೋಡಿದ. ತುಟಿಯ ಮೂಲೆಯಲ್ಲಿ ಸಣ್ಣ ನಗು ಬಂತು. ಆ ನಗು ನನಗೆ ಚೆನ್ನಾಗಿ ಗೊತ್ತು.

“ಮೇಡಂ ಭಾಳ ಖಡಕ್ ಅದಾರೇನ್ರಿ?” ಎಂದು ಕೇಳಿದ.

“ಇಲ್ಲಿ ಕೂಡಬ್ಯಾಡಪಾ. ಒಳಗ ಹೋಗು” ಎಂದೆ. “ಕುಂದ್ರಿ ಅಂತಾರ.”